ಗುಳ್ಳೆಯ ಬಾಲ

ಜನವರಿ 12

ಅಕ್ಕಾ,

ಬಾತುಕೋಳಿ ಎಲ್ಲಿಂದ ಬಂತು?

ಹೋದ ವಾರದ ಕಟ್ಟು ಬಿಚ್ಚಿದಾಗ ಮೊದಲು ಕಂಡದ್ದು ಅದೇ. ಚಿತ್ರದಲ್ಲಿ ನಮ್ಮ ವಟವಟ ಕಚೇರಿಗೆ ಹೊರಟಿದ್ದಾನೆ, ಕಂಕುಳಲ್ಲಿ ಬಾತುಕೋಳಿ. ಕತ್ತು ಬಾಗಿಸಿಕೊಂಡು ಸುಮ್ಮನಿರುವ, ಬಹಳ ಮರ್ಯಾದಸ್ಥ ಬಾತುಕೋಳಿ. ನೀನು ಮೂರು ಚೌಕ ಬಿಡಿಸಿ, ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟು ಕಳಿಸುವುದು, ನಾನು ಏನನ್ನೂ ಕೇಳದೆ ಅವುಗಳಿಗೆ ಮಾತು ತುಂಬುವುದು ಇಷ್ಟು ವರ್ಷ ನಡೆದುಕೊಂಡು ಬಂದಿದೆ. ಆದರೆ ನನ್ನನ್ನು ಇಷ್ಟು ಚೆನ್ನಾಗಿ ಸಿಕ್ಕಿಹಾಕಿಸಿದ್ದು ಇದೇ ಮೊದಲು. ಒಂದು ಬೆಳಗ್ಗೆ ಪೂರ್ತಿ ಆ ಹಕ್ಕಿಯ ಮುಖ ನೋಡುತ್ತ ಕೂತೆ. ಕೊನೆಗೆ ಬರೆದದ್ದು ಇದು.

"ಸಾಹೇಬ್ರು ರಜೆ ಕೊಡಲ್ಲ ಅಂದ್ರು."

"ಬೇಕಾದ್ರೆ ನಿನ್ನ ಜಾಗಕ್ಕೆ ಯಾರನ್ನಾದ್ರೂ ಕೂರಿಸಿ ಹೋಗು ಅಂದ್ರು."

"ಇದು ನನಗಿಂತ ಕಡಿಮೆ ಮಾತಾಡುತ್ತೆ, ಸಾಹೇಬ್ರಿಗೆ ಇಷ್ಟ ಆಗುತ್ತೆ."

ಯಜಮಾನಿ ಎಂದಿನಂತೆ ಬಾಯಿ ಬಿಟ್ಟಿಲ್ಲ. ಗಂಡ ಊರೆಲ್ಲ ಮಾತಾಡಲಿ, ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಸಾಕು, ಅರ್ಧ ನಗು ಅವಳದೇ. ಭಾನುವಾರ ಅಚ್ಚಾದ ಮೇಲೆ ಓದುಗರ ಪತ್ರಗಳು ಬರುತ್ತಿವೆ. ಬಾತುಕೋಳಿಗೆ ಕೆಲಸ ಕಾಯಂ ಆಯಿತೇ ಎಂದು ಒಬ್ಬ ಮೇಷ್ಟ್ರು ಕೇಳಿದ್ದಾರೆ.

ಇನ್ನೊಂದು ವಿಷಯ. ಚೌಕದ ಗೆರೆಗಳು ಇದ್ದಕ್ಕಿದ್ದಂತೆ ಯಾಕೆ ಇಷ್ಟು ನೇರ? ಸ್ಕೇಲು ಹಿಡಿಯೋದು ಗುಮಾಸ್ತರ ಕೆಲಸ ಅನ್ನುತ್ತಿದ್ದವಳು ನೀನೇ ತಾನೇ? ವಯಸ್ಸಾಗುತ್ತ ಸೊಕ್ಕು ಇಳಿಯಿತೋ?

ಇಲ್ಲಿ ಎಲ್ಲ ಎಂದಿನಂತೆ. ಭಾವನವರಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಜನವರಿ 21

ಪುಟ್ಟಾ,

ಚಿತ್ರದ ಬಗ್ಗೆ ಪ್ರಶ್ನೆ ಕೇಳಬಾರದು ಅನ್ನುವುದು ನೀನೇ ಮಾಡಿದ ನಿಯಮ. ಆದ್ದರಿಂದ ಬಾತುಕೋಳಿ ಎಲ್ಲಿಂದ ಬಂತೆಂದು ನಾನು ಹೇಳುವುದಿಲ್ಲ. ಬಂತು, ಅಷ್ಟೆ.

ನಿನ್ನ ಭಾವ ಪತ್ರಿಕೆ ಓದಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕರು. "ಮೋಡ ಆಗಿದೆ, ಪಾಪ, ಕೊಡೆ ತಗೊಂಡು ಹೋಗ್ಬೇಕಿತ್ತು ಕಣೇ ಅವನು" ಅಂದರು. ಆಮೇಲೆ ನನ್ನ ಮುಖ ನೋಡಿದರು. ಯಂತ್ರದ ಸದ್ದು ಮತ್ತೆ ಶುರುವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಗೆರೆ ನೇರವಾಗಿದ್ದರೆ ಅದರ ಕೀರ್ತಿ ಅವರಿಗೇ ಸಲ್ಲಬೇಕು. ಪ್ಯಾಂಟಿನ ಬಟ್ಟೆಗೆ ಗುರುತು ಹಾಕುವ ಸ್ಕೇಲು ತಂದು ಚೌಕಗಳನ್ನು ಅವರೇ ಹಾಕಿಕೊಡುತ್ತಾರೆ. ಗಿರಾಕಿ ಇಲ್ಲದಾಗ ಕೈ ಸುಮ್ಮನಿರುವುದಿಲ್ಲ. ನನ್ನ ಮೇಜನ್ನು ಕಿಟಕಿಯ ಕೆಳಗೆ ಎಳೆದಿದ್ದೇವೆ. ಅಂಗಡಿಯ ದೊಡ್ಡ ದೀಪ ಈಗ ನನ್ನ ತಲೆಯ ಮೇಲೆ ತೂಗುತ್ತಿದೆ. ಅವರು ಸಣ್ಣ ದೀಪದಲ್ಲಿ ಕಾಜ ಹೊಲಿಯುತ್ತಾರೆ.

ಇನ್ನು ಮೇಲೆ ದೊಡ್ಡ ಅಕ್ಷರದಲ್ಲಿ ಬರೆ. ಪ್ರೂಫ್ ತಿದ್ದಿ ತಿದ್ದಿ ನಿನ್ನ ಅಕ್ಷರ ಇರುವೆ ಸಾಲಾಗಿದೆ. ನಿನ್ನದೊಂದು ಪತ್ರ ಓದಲು ಒಂದು ಮಧ್ಯಾಹ್ನ ಬೇಕಾಗುತ್ತದೆ.

ಅಕ್ಕ


ಫೆಬ್ರವರಿ 7

ಅಕ್ಕಾ,

ನಿನ್ನ ಚಿತ್ರಗಳಿಂದ ಮೊದಲು ಗಡಿಯಾರ ಹೋಯಿತು. ನಾನು ಮಾತಾಡಲಿಲ್ಲ. ಆಮೇಲೆ ಕಿಟಕಿಯ ಪರದೆ, ಅದರ ಹಿಂದೆಯೇ ಕಿಟಕಿ. ಈ ವಾರದ ಕಟ್ಟಿನಲ್ಲಿ ಗೋಡೆಯೂ ಇಲ್ಲ. ಗಂಡ ಹೆಂಡತಿ ಬಟ್ಟಬಯಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಹಾಗಿದೆ.

ಪುರವಣಿಯವರು ಹೊಗಳುತ್ತಿದ್ದಾರೆ. "ನಿಮ್ಮಕ್ಕನ ಗೆರೆ ಮಾಗ್ತಾ ಇದೆ ನೋಡಿ, ಬೇಡದ್ದನ್ನೆಲ್ಲ ಬಿಡ್ತಿದಾರೆ" ಅಂದರು. ನಾನು ತಲೆಯಾಡಿಸಿದೆ. ಆದರೆ ನನಗೆ ಗೊತ್ತಿರುವ ಅಕ್ಕ ಗೋಡೆ ಬಿಡುವವಳಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿಗೆ ನೀನು ಆಯಾ ತಿಂಗಳ ತಾರೀಖುಗಳನ್ನೇ ತುಂಬುತ್ತಿದ್ದೆ. ಅಷ್ಟು ಸಣ್ಣದು ಯಾರಿಗೆ ಕಾಣುತ್ತೆ ಎಂದು ಕೇಳಿದರೆ, "ಓದೋರಿಗೆ ಕಾಣದಿದ್ರೆ ಹೋಗಲಿ, ವಟವಟನಿಗೆ ಕಾಣಬೇಕಲ್ಲ" ಅನ್ನುತ್ತಿದ್ದೆ.

ಅದಕ್ಕೇ ಕೇಳುತ್ತೇನೆ. ಬೇಸರವಾಗಿದೆಯೇ? ಮನೆ ಬಿಡಬೇಕೆಂದಿರುವವರು ಯಾರಿಗೂ ಹೇಳದೆ ಸಾಮಾನನ್ನು ಒಂದೊಂದಾಗಿ ಸಾಗಿಸುತ್ತಾರಲ್ಲ, ನಿನ್ನ ಚಿತ್ರಗಳು ನನಗೆ ಹಾಗೆ ಕಾಣುತ್ತಿವೆ. ಸಾಕು ಅನ್ನಿಸಿದ್ದರೆ ಹೇಳು, ನಿಲ್ಲಿಸೋಣ. ನನ್ನ ಮುಖ ನೋಡಿಕೊಂಡು ಎಳೆಯುವುದು ಬೇಡ.

ಇದರ ಕೆಳಗೆ ಒಂದು ಸಾಲು ಹೊಡೆದು ಹಾಕಿದ್ದೇನೆ. ಮುಖ್ಯವಾದದ್ದೇನಲ್ಲ.

ನಿನ್ನ ತಮ್ಮ


ಫೆಬ್ರವರಿ 15

ಪುಟ್ಟಾ,

ನೀನು ಹೊಡೆದು ಹಾಕಿದ ಸಾಲನ್ನು ನಿನ್ನ ಭಾವ ದೀಪಕ್ಕೆ ಹಿಡಿದು ನೋಡಿದರು. "ಸಂಪಾದಕರು" ಅನ್ನುವವರೆಗೆ ಓದಲು ಬಂತು. ಆಮೇಲೆ ಬರೀ ಇಂಕು.

ಹಾಗಾದರೆ ನಿಲ್ಲಿಸುವ ಮಾತು ನಿನ್ನದಲ್ಲ, ನಿನ್ನ ಬಾಯಲ್ಲಿ ಹೇಳಿಸಿದ್ದಾರೆ. ಬೇರೆ ಯಾರನ್ನೋ ನೋಡಿಕೊಂಡಿದ್ದಾರೆ, ಅಲ್ಲವೇ? ನೋಡಲಿ. ವಟವಟನನ್ನು ಬಿಡಿಸುವುದು ಯಾರಿಗಾದರೂ ಬರುತ್ತದೆ. ಮೂಗು, ಹೊಟ್ಟೆ, ಹಿಮ್ಮಡಿ ಸವೆದ ಚಪ್ಪಲಿ. ಯಜಮಾನಿ ಬರುವುದಿಲ್ಲ. ಅವಳ ವಿಷಯದಲ್ಲಿ ಬಿಡಿಸಬೇಕಾದದ್ದು ಮೂಗು ಕಣ್ಣಲ್ಲ, ಅವಳು ಕೇಳಿಸಿಕೊಳ್ಳುವ ರೀತಿ. ಅದನ್ನು ಇನ್ನೊಬ್ಬರಿಗೆ ಹೇಳಿಕೊಡಲು ನನಗೆ ತಿಳಿಯದು.

ನನಗೆ ಬೇಸರವಾಗಿಲ್ಲ. ಬೆಳಗ್ಗೆ ಎದ್ದರೆ ನನಗೆ ಅಂತ ಇರುವುದು ಅದೊಂದು ಮನೆ, ಆ ಇಬ್ಬರು ಜನ. ಅವರನ್ನು ಇನ್ನೊಬ್ಬರ ಕೈಗೆ ಕೊಟ್ಟು ಮೇಜಿನ ಮುಂದೆ ನಾನು ಏನು ಮಾಡಲಿ?

ಈ ವಾರದ ಚಿತ್ರ ಜೊತೆಗಿದೆ. ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಅಕ್ಕ


ಫೆಬ್ರವರಿ 24

ಅಕ್ಕಾ,

ಯಾರನ್ನೂ ನೋಡಿಕೊಂಡಿಲ್ಲ. ಹೊಡೆದು ಹಾಕಿದ ಸಾಲಿನಲ್ಲಿ ಇದ್ದದ್ದು ಇಷ್ಟೇ: ನಮ್ಮ ಜಾಗವನ್ನು ಜಾಹೀರಾತಿನವರು ಕೇಳುತ್ತಿದ್ದಾರೆ. "ನಿಮ್ಮ ಅಕ್ಕನ್ನ ಒಂದು ಮಾತು ಕೇಳಿ ನೋಡ್ರೀ, ಅವರಿಗೂ ಸಾಕಾಗಿರಬಹುದು" ಎಂದು ಸಂಪಾದಕರು ಆಗಾಗ ಅನ್ನುತ್ತಾರೆ. ಕೇಳುತ್ತೇನೆ ಸಾರ್ ಎಂದು ನಾನು ದಿನ ತಳ್ಳುತ್ತಿದ್ದೆ. ನಿನಗೆ ಹೇಳಿದರೆ ನೀನೇ ಮರ್ಯಾದೆಯಿಂದ ಎದ್ದು ಹೋಗುತ್ತೀಯ ಎಂಬ ಭಯ.

ಈಗ ನೋಡಿದರೆ ಎದ್ದೇ ಬಿಟ್ಟಿದ್ದೀಯ. ಬೇಸರವಿಲ್ಲವೆಂದು ಪತ್ರದಲ್ಲಿ ಬರೆದು ಚಿತ್ರದಲ್ಲಿ ಬೇರೆಯೇ ಹೇಳಿದ್ದೀಯ. ಮೂರನೆಯ ಚೌಕದಲ್ಲಿ ಗುಳ್ಳೆಯ ಬಾಲ ಯಜಮಾನಿಯ ಬಾಯಿಗೆ ಹೋಗಿದೆ. ಮಾತು ಯಾರದು ಎಂದು ಹೇಳುವುದೇ ಆ ಬಾಲ. ನಿನ್ನ ಕೈಯಲ್ಲಿ ಅದು ಎಂದೂ ದಾರಿ ತಪ್ಪಿದ್ದಿಲ್ಲ. "ಅವಳು ಬಾಯಿ ಬಿಟ್ಟ ದಿನ ನಾನು ಬ್ರಷ್ ತೊಳೆದು ಇಟ್ಟುಬಿಡ್ತೀನಿ" ಎಂದು ನೀನು ಶುರುವಿನಲ್ಲೇ ಹೇಳಿದ್ದೆ. ನಾನು ಮರೆತಿಲ್ಲ.

ಆದರೂ ಗುಳ್ಳೆ ತುಂಬಲು ಕೂತೆ. ಮೊದಲ ಚೌಕದಲ್ಲಿ ವಟವಟ ಕೈಯೆತ್ತಿ ಏನೋ ಕೊಚ್ಚಿಕೊಳ್ಳುತ್ತಿದ್ದಾನೆ. ಎರಡನೆಯದರಲ್ಲಿ ಗುಳ್ಳೆಯೇ ಇಲ್ಲ, ತಲೆ ತಗ್ಗಿಸಿದ್ದಾನೆ. ಮೂರನೆಯದರಲ್ಲಿ ಅವಳಿಗೆ ಹೀಗೆ ಬರೆದೆ:

"ಯಾಕೆ ನಿಲ್ಲಿಸಿದ್ರಿ? ಕೇಳ್ತಾ ಇದ್ದೆ."

ಪುಟ ಕಟ್ಟುವ ಹಿರಿಯರು ಓದಿ ಕನ್ನಡಕ ತೆಗೆದರು. "ಏನ್ರೀ, ಅಮ್ಮ ಮಾತಾಡ್ಬಿಟ್ರು!" ಅಂದರು. ಪಕ್ಕದ ಮೇಜಿನವರು ಎದ್ದು ಬಂದು ನೋಡಿದರು. ಯಾರೂ ನಗಲಿಲ್ಲ. ಯಾರೂ ಬೇಗ ಹೋಗಲೂ ಇಲ್ಲ.

ನಾಳೆ ಅಚ್ಚಾಗುತ್ತದೆ. ತಪ್ಪಾಗಿದ್ದರೆ ಬೈದುಬಿಡು. ಆದರೆ ಒಂದು ತಿಳಿದಿರು. ಆ ಮಾತು ಯಜಮಾನಿ ಗಂಡನಿಗೆ ಹೇಳಿದ್ದಲ್ಲ.

ನಿನ್ನ ತಮ್ಮ


ಫೆಬ್ರವರಿ 26

ಪುಟ್ಟಾ,

ಪತ್ರಿಕೆ ಬಂತು, ನಿನ್ನ ಪತ್ರ ಬಂದಿಲ್ಲ. ಅದಕ್ಕೆ ಕಾಯುವ ತಾಳ್ಮೆ ನನಗಿಲ್ಲ.

ಯಜಮಾನಿಗೆ ಮಾತು ಕೊಡಲು ನಿನಗೆ ಹೇಳಿದವರು ಯಾರು? ನಾನು ಬಾಲ ಎಳೆದದ್ದು ವಟವಟನ ಕಡೆಗೆ. ಎಳೆದದ್ದು ನನ್ನ ಕೈ, ನನಗೆ ಗೊತ್ತಿಲ್ಲವೇ? ನೀನು ಅದನ್ನು ಬಿಳಿ ಬಣ್ಣ ಹಚ್ಚಿ ಅಳಿಸಿ ಅವಳ ಕಡೆಗೆ ತಿರುಗಿಸಿದ್ದೀಯ. ಇಷ್ಟು ವರ್ಷ ನೀನು ನನ್ನ ಗೆರೆ ಮುಟ್ಟಿರಲಿಲ್ಲ, ನಾನು ನಿನ್ನ ಮಾತು ಮುಟ್ಟಿರಲಿಲ್ಲ. ನಮ್ಮ ನಡುವೆ ಇದ್ದ ಮರ್ಯಾದೆಯೆಲ್ಲ ಅದೇ ತಾನೇ?

ಮಾತು ಚೆನ್ನಾಗಿದೆ. ಅದಕ್ಕೇ ಇನ್ನಷ್ಟು ಸಿಟ್ಟು. ನಿನ್ನ ಭಾವ ಓದಿ ಹೇಳಿದರು. "ಇನ್ನೊಂದ್ಸಲ ಓದ್ರಿ" ಅಂದೆ. ಓದಿದರು. ಆಮೇಲೆ ಬಾಲ ಎಲ್ಲಿದೆ ಎಂದು ಕೇಳಿದೆ. ಅವರು ಅಂಗಡಿಯಲ್ಲಿ ಯಾರೋ ಕರೆದರೆಂದು ಎದ್ದು ಹೋದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಅಕ್ಕ


ಮಾರ್ಚ್ 5

ಅಕ್ಕಾ,

ನೀನು ಹೇಳಿದ್ದು ಸರಿ. ಬಾಲ ವಟವಟನ ಕಡೆಗೇ ಇತ್ತು. ನನಗೇ ಏನೋ ಹುಚ್ಚು ಹತ್ತಿ ಬಿಳಿ ಬಣ್ಣ ಹಚ್ಚಿದೆ, ತಿರುಗಿಸಿದೆ. ಇದಕ್ಕೆ ಮೊದಲು ಬರೆದ ಪತ್ರ ನಿನಗೆ ತಲುಪಿದ್ದರೆ ಅದರಲ್ಲಿರುವುದನ್ನು ನಂಬಬೇಡ. ಯಾವ ಮನಸ್ಥಿತಿಯಲ್ಲಿ ಬರೆದೆನೋ ಏನೋ. ಇನ್ನು ನಿನ್ನ ಗೆರೆ ಮುಟ್ಟುವುದಿಲ್ಲ.

ಅಕ್ಷರ ಇಷ್ಟು ದೊಡ್ಡದಾಗಿರುವುದು ಹೊಸ ಪೆನ್ನಿನ ದೋಷ. ಸಣ್ಣದಾಗಿ ಬರೆಯಲು ಹೋದರೆ ಇಂಕು ಕಕ್ಕುತ್ತದೆ.

ಒಂದು ಸಮಾಚಾರ ಹೇಳಬೇಕಿತ್ತು. ಚಿತ್ರಗಳನ್ನು ಅಚ್ಚಿಗೆ ಇಳಿಸಲು ಇಲ್ಲಿ ಹೊಸ ಕ್ಯಾಮೆರಾ ಬಂದಿದೆ. ಚಿತ್ರ ಎಷ್ಟು ದೊಡ್ಡದಿದ್ದರೂ ತೊಂದರೆ ಇಲ್ಲವಂತೆ. ದೊಡ್ಡದೇ ಒಳ್ಳೆಯದು ಅನ್ನುತ್ತಾರೆ. ಗೋಡೆಗೆ ಅಂಟಿಸುವಷ್ಟು ದೊಡ್ಡ ಹಾಳೆಯಲ್ಲಿ, ಇರುವುದರಲ್ಲಿ ದಪ್ಪನೆಯ ಬ್ರಷ್ ಹಿಡಿದು ಬಿಡಿಸು. ಗೋಡೆ, ಗಡಿಯಾರ ಯಾವುದೂ ಬೇಡ. ಅವಸರವೂ ಇಲ್ಲ. ನೀನು ಕಳಿಸುವವರೆಗೆ ಹಳೆಯವನ್ನು ಮತ್ತೆ ಹಾಕುತ್ತಿರುತ್ತೇವೆ.

ಭಾವನವರ ಆರೋಗ್ಯ ಹೇಗಿದೆ? ನೀನು ಹೇಗಿದ್ದೀಯ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ


ಮಾರ್ಚ್ 29

ಪುಟ್ಟಾ,

ಎರಡು ಪತ್ರಗಳೂ ತಲುಪಿದವು, ಒಂದರ ಹಿಂದೊಂದು. ಮೊದಲನೆಯದರಲ್ಲಿ ಬಾಲ ತಿರುಗಿಸಿದ್ದು ನಾನು, ಎರಡನೆಯದರಲ್ಲಿ ನೀನು. ನಿನ್ನ ಭಾವ ಎರಡನ್ನೂ ಓದಿ ಮಡಿಸಿ ನನ್ನ ತೊಡೆಯ ಮೇಲಿಟ್ಟರು. "ನಿನ್ನ ತಮ್ಮನಿಗೆ ಸುಳ್ಳು ಹೇಳೋಕೆ ಬರಲ್ಲ ಅಂತಿದ್ದೆ. ನೋಡು, ಪರವಾಗಿಲ್ಲ, ಕಲಿತಿದಾನೆ" ಅಂದರು. ಅವತ್ತು ನಾವಿಬ್ಬರೂ ಊಟ ತಡವಾಗಿ ಮಾಡಿದೆವು.

ಬೇಡದ್ದನ್ನೆಲ್ಲ ನಾನು ಬಿಟ್ಟದ್ದಲ್ಲ ಪುಟ್ಟ. ಅವು ನನ್ನನ್ನು ಬಿಟ್ಟವು. ಪೂರ್ತಿ ಕತ್ತಲೆ ಆಗುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅಂಚು ಉಳಿಯುತ್ತದೆ, ನಡು ಹೋಗುತ್ತದೆ. ಯಾವುದನ್ನು ನೋಡಬೇಕೆಂದು ಕಣ್ಣು ಹಾಯಿಸುತ್ತೇನೋ ಅದು ಮಾತ್ರ ಇರುವುದಿಲ್ಲ. ನಿನ್ನ ಭಾವನ ಮುಖ ನೋಡಿದರೆ ಕಿವಿ ಇವೆ, ಮುಖವಿಲ್ಲ. ಅವರ ಭುಜ ನೋಡಿದರೆ ಮುಖ ಪಕ್ಕದಲ್ಲಿ ಒಂದಿಷ್ಟು ಹಣಿಕುತ್ತದೆ. "ಏನೇ ಇದು, ಹೊಸ ಹುಡುಗಿ ಹಾಗೆ ಓರೆಗಣ್ಣಲ್ಲಿ ನೋಡ್ತೀಯ" ಎಂದು ತಮಾಷೆ ಮಾಡುತ್ತಾರೆ.

ನಿನ್ನ ಬಾತುಕೋಳಿ ಕೊಡೆ. ಮಡಿಸಿದ ಕೊಡೆ, ಹಿಡಿ ಬಾಗಿದ್ದು.

ನಿನಗೆ ಹೇಳದೆ ಇದ್ದದ್ದು ನಂಬಿಕೆ ಇಲ್ಲದೆ ಅಲ್ಲ. ನಿನಗೆ ಗೊತ್ತಾದರೆ ಪತ್ರಿಕೆಗೆ ಗೊತ್ತಾದಂತೆ. ಆಮೇಲೆ ಅವರಿಬ್ಬರನ್ನು ಯಾರೋ ಬಿಡಿಸುತ್ತಾರೆ, ನಿನ್ನ ಭಾವ ನನಗೆ ಓದಿ ಹೇಳುತ್ತಾರೆ, ನಾನು ಚೆನ್ನಾಗಿದೆ ಅನ್ನಬೇಕು. ಅದನ್ನು ನೆನೆದೇ ಬಾಯಿ ಕಟ್ಟಿಕೊಂಡೆ.

ನಿನ್ನ ದೊಡ್ಡ ಹಾಳೆಯಲ್ಲೂ ಪ್ರಯತ್ನಿಸಿದೆ. ಬಿಳಿ ಹಾಳೆ ಕಣ್ಣಿಗೆ ಹೊಡೆಯುತ್ತದೆ, ಕಪ್ಪು ಗೆರೆ ಅದರಲ್ಲಿ ಕರಗಿ ಹೋಗುತ್ತದೆ. ಬ್ರಷ್ ತೊಳೆದು ಇಟ್ಟುಬಿಟ್ಟೆ. ನಿಜವಾಗಿಯೂ ಇಟ್ಟೆ. ಅಂಗಡಿಗೆ ಹೋಗಿ ಗುಂಡಿ ಬೇರ್ಪಡಿಸಿಕೊಡುತ್ತ ಕೂರುತ್ತಿದ್ದೆ, ಅದಕ್ಕೆ ಬೆರಳು ಸಾಕು.

ಹೋದ ವಾರ ಅಲ್ಲಿ ಕತ್ತರಿಸುವ ಮೇಜಿನ ಮೇಲೆ ಒಬ್ಬ ಲಾಯರರ ಕೋಟಿನ ಬಟ್ಟೆ ಹರಡಿತ್ತು. ಅಪ್ಪಟ ಕಪ್ಪು. ಅದರ ಮೇಲೆ ನಿನ್ನ ಭಾವ ಸೀಮೆಸುಣ್ಣದಲ್ಲಿ ಹಾಕಿದ ತೋಳಿನ ಗುರುತು ನನಗೆ ಕಂಡಿತು. ಪಕ್ಕಕ್ಕೆ ನೋಡಿ ಓರೆಗಣ್ಣಲ್ಲಿ ಹಿಡಿದದ್ದಲ್ಲ, ಕಂಡಿತು. ಬೆಳ್ಳಗೆ, ಅಂಚು ಸಮೇತ. ಅವರು ಹೊರಗೆ ಯಾರ ಜೊತೆಗೋ ಮಾತಾಡುತ್ತಿದ್ದರು. ಸೀಮೆಸುಣ್ಣ ತಡಕಿ ತೆಗೆದುಕೊಂಡೆ. ಅವರು ಒಳಗೆ ಬರುವಷ್ಟರಲ್ಲಿ ಲಾಯರರ ಬೆನ್ನ ಮೇಲೆ ವಟವಟ ಕಾಲು ಚಾಚಿ ಕೂತಿದ್ದ.

"ಅಯ್ಯೋ, ನಾಳೆ ಕೊಡಬೇಕಾದ ಕೋಟು ಕಣೇ!" ಎಂದು ಕೂಗಿದರು. ಬ್ರಷ್ ತಂದರು, ಬಟ್ಟೆಯ ಬ್ರಷ್. ಒರೆಸುವರು ಎಂದು ಕಾದೆ. ಒರೆಸಲಿಲ್ಲ. "ಯಜಮಾನಿ ಎಲ್ಲಿ?" ಎಂದು ಕೇಳಿದರು. ಬಲಗಡೆ ತೋಳಿನ ಜಾಗ ಖಾಲಿ ಇತ್ತು, ಅಲ್ಲಿ ಅವಳನ್ನು ನಿಲ್ಲಿಸಿದೆ. ಲಾಯರರಿಗೆ ನಿನ್ನ ಭಾವ ಏನು ಹೇಳಿದರೋ ತಿಳಿಯದು. ಬೇರೆ ಬಟ್ಟೆ ತರಿಸಿ ಹೊಲಿದುಕೊಟ್ಟರು.

ಈಗ ಲೈನಿಂಗಿನ ಕಪ್ಪು ಬಟ್ಟೆಯನ್ನು ಮೇಜಿಗೆ ಬಿಗಿಯುತ್ತೇವೆ. ಮೂರು ಚೌಕ ಅವರು ಹಾಕುತ್ತಾರೆ, ಒಳಗಿನದೆಲ್ಲ ನಾನು. ಎದುರಿನ ಸ್ಟುಡಿಯೊದವನು ಬಂದು ಮೇಜಿನ ಮೇಲೆ ಹತ್ತಿ ಫೋಟೊ ತೆಗೆದ. ಅದನ್ನೇ ಕಳಿಸಿದ್ದೇನೆ. ಗುಳ್ಳೆಗಳು ಖಾಲಿ ಇವೆ. ಬಾಲಗಳು ನಾನು ಅಂದುಕೊಂಡ ಕಡೆಗೇ ಹೋಗಿವೆ ಎಂದು ನಿನ್ನ ಭಾವ ಆಣೆ ಮಾಡಿದ್ದಾರೆ. ನೋಡಿಕೋ, ಒಂದು ಯಜಮಾನಿಯದು. ಈ ಸಲ ಬೇಕೆಂದೇ ಎಳೆದದ್ದು. ಕತ್ತಲಲ್ಲಿ ಅವಳು ಸುಮ್ಮನೆ ನಿಂತರೆ ಇದ್ದಾಳೋ ಇಲ್ಲವೋ ಅವನಿಗೆ ಹೇಗೆ ಗೊತ್ತಾಗಬೇಕು?

ಇದನ್ನು ಹಾಕುತ್ತಾರೋ ಇಲ್ಲವೋ ಕೇಳು. ನಿಜ ಹೇಳಿಯೇ ಕೇಳು. ಇಲ್ಲ ಅಂದರೆ ಇಲ್ಲ ಎಂದು ಬರೆ, ದೊಡ್ಡ ಅಕ್ಷರದಲ್ಲಿ.

ಅಕ್ಕ


ಏಪ್ರಿಲ್ 8

ಅಕ್ಕಾ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಫೋಟೊ ಬಂದ ದಿನ ಮಾತು ತುಂಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲ ಚೌಕದಲ್ಲಿ ವಟವಟ ಕೈ ಚಾಚಿದ್ದಾನೆ: "ಎಲ್ಲಿದೀಯೇ?" ಎರಡನೆಯದರಲ್ಲಿ ಕುರ್ಚಿ ಎಡವಿದ್ದಾನೆ, ಅಲ್ಲಿ ಒಂದು "ಅಯ್ಯೋ." ಮೂರನೆಯದರಲ್ಲಿ ಅವಳು: "ಇಲ್ಲೇ." ಇನ್ನೊಂದು ಪದ ಸೇರಿಸಲು ನೋಡಿದೆ, ಆಗಲಿಲ್ಲ.

ಅದನ್ನು ತೆಗೆದುಕೊಂಡು ಮೇಲಿನ ಮಹಡಿಗೆ ಹೋದೆ. ಸಂಪಾದಕರು ಯಾರದೋ ಲೇಖನವನ್ನು ಕೆಂಪು ಪೆನ್ನಿನಲ್ಲಿ ಅರ್ಧಕ್ಕೆ ಇಳಿಸುತ್ತಿದ್ದರು. ಪೆನ್ನು ಕೆಳಗಿಟ್ಟು ಫೋಟೊವನ್ನು ದೂರ ಹಿಡಿದು ನೋಡಿದರು.

"ಏನ್ರೀ ಇದು, ಕರೆಂಟ್ ಹೋಗಿದ್ಯಾ ಇವರ ಮನೇಲಿ?"

"ಹೌದು ಸಾರ್."

"ಯಾವಾಗ ಬರುತ್ತೆ?"

ಹೇಳಬೇಕಾದದ್ದನ್ನೆಲ್ಲ ಮೆಟ್ಟಿಲು ಹತ್ತುತ್ತ ಜೋಡಿಸಿಕೊಂಡಿದ್ದೆ. ಹೇಳಿದ್ದು ಎರಡೇ ಪದ.

"ಬರಲ್ಲ ಸಾರ್," ಅಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಮತ್ತೆ ಫೋಟೊ ನೋಡಿದರು, ಈ ಸಲ ಹತ್ತಿರ ಹಿಡಿದು.

"ನಿಮ್ಮ ಅಕ್ಕನಿಗಾ?"

"ಹೌದು ಸಾರ್."

"ಅವರೇ ಬಿಡಿಸಿದ್ದಾ ಇದು?"

"ಅವರೇ ಸಾರ್. ಬಟ್ಟೆ ಮೇಲೆ, ಸೀಮೆಸುಣ್ಣದಲ್ಲಿ. ಚೌಕ ಮಾತ್ರ ಭಾವ ಹಾಕ್ತಾರೆ."

ಫೋಟೊವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದರು. ಆಗ ಫೋನ್ ಬಂತು. ಆ ಕಡೆ ಜಾಹೀರಾತಿನವರು ಎಂದು ಮಾತಿನಲ್ಲೇ ಗೊತ್ತಾಯಿತು, ಭಾನುವಾರದ ಆ ಜಾಗ ಖಾಲಿಯಾಗುತ್ತದೆಯೇ ಎಂದು ಕೇಳಿದ್ದಿರಬೇಕು.

"ಇಲ್ಲಪ್ಪ, ಖಾಲಿ ಇಲ್ಲ. ಅಲ್ಲಿ ಜನ ವಾಸ ಇದಾರೆ," ಎಂದು ಇಟ್ಟುಬಿಟ್ಟರು.

ನಿನ್ನ ತಮ್ಮ


ಏಪ್ರಿಲ್ 15

ಪುಟ್ಟಾ,

ನಿನ್ನ ಪತ್ರವನ್ನು ನಿನ್ನ ಭಾವ ಅಂಗಡಿಯಲ್ಲೇ ಒಡೆದು, ಯಂತ್ರದ ಮುಂದೆ ಕೂತೇ ಓದಿದರು. "ಬರಲ್ಲ ಸಾರ್" ಅನ್ನುವಲ್ಲಿಗೆ ಬಂದು ಓದುವುದನ್ನು ನಿಲ್ಲಿಸಿದರು.

"ಮುಂದೆ ಓದ್ರಿ" ಅಂದೆ.

"ಇಲ್ಲಿ ಅಕ್ಷರ ಸರಿಯಾಗಿ ಕಾಣ್ತಿಲ್ಲ ಕಣೇ" ಅಂದರು.

"ಇಬ್ಬರಲ್ಲಿ ಒಬ್ಬರಿಗಾದ್ರೂ ಕಾಣಬೇಕಲ್ರೀ, ಒರೆಸ್ಕೊಂಡು ಓದಿ" ಅಂದೆ.

ಒರೆಸಿಕೊಂಡು ಓದಿದರು.

ಅಕ್ಕ